ಮಕ್ಕಳ ಕ್ಷಯ: ಕಫ ಕೊಡಲಾರದ ಮಗುವಿನ ರೋಗವನ್ನು ಕಂಡುಹಿಡಿಯುವುದು ಹೇಗೆ?

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಮಕ್ಕಳ ಕ್ಷಯರೋಗವನ್ನು ಕುರಿತೇ ಇದ್ದುದರಿಂದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ. ಮೊದಲ ಪತ್ರದಲ್ಲಿರುವ ತೊಳಲಾಟ ಬಹಳಷ್ಟು ತಂದೆತಾಯಿಯರದ್ದು. ಆದ್ದರಿಂದ ಅದಕ್ಕೆ ತುಸು ದೀರ್ಘವಾಗಿಯೇ ಉತ್ತರಿಸುತ್ತೇನೆ.

ಪ್ರಶ್ನೆ: ನಮ್ಮ ಮಗಳಿಗೆ ಮೂರು ವರ್ಷ. ಒಂದು ತಿಂಗಳಿಂದ ಸಂಜೆಯಾದರೆ ಮೈ ಬೆಚ್ಚಗಾಗುತ್ತದೆ, ಕೆಮ್ಮು ನಿಂತಿಲ್ಲ, ಊಟ ಸೇರುತ್ತಿಲ್ಲ. ಎರಡು ಸಲ ಆಂಟಿಬಯೋಟಿಕ್ ಸಿರಪ್ ಕೊಟ್ಟದ್ದಾಯಿತು. ಜೊತೆಯಲ್ಲೇ ಇರುವ ನಮ್ಮ ಮಾವನವರಿಗೆ ಟಿಬಿ ಇದ್ದು, ಎರಡು ತಿಂಗಳಿಂದ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಒಬ್ಬ ವೈದ್ಯರು ಎಕ್ಸ್‌ರೇ ನೋಡಿ ಮಗುವಿಗೂ ಟಿಬಿಯೇ ಎನ್ನುತ್ತಾರೆ. ಇನ್ನೊಬ್ಬರು ಕಫದ ಪರೀಕ್ಷೆಯಾಗದೆ ಹೇಳಲಾಗದು ಎನ್ನುತ್ತಾರೆ. ಮಗುವಿಗೆ ಕಫ ಉಗುಳಲು ಬರುವುದಿಲ್ಲ. ಲ್ಯಾಬಿನವರು ರಕ್ತಪರೀಕ್ಷೆಯಲ್ಲೇ ತಿಳಿಯುತ್ತದೆ ಎಂದರು. ಖಚಿತವಾಗದೆ ಆರು ತಿಂಗಳ ಔಷಧ ಶುರು ಮಾಡುವುದು ಸರಿಯೇ?
— ತಾಯಿ, ಹಾವೇರಿ ಜಿಲ್ಲೆ

ಉತ್ತರ: ನಿಮ್ಮ ಪತ್ರದಲ್ಲಿ ಅತ್ಯಂತ ಮುಖ್ಯವಾದ ಸಾಕ್ಷ್ಯ ಎಕ್ಸ್‌ರೇ ಅಲ್ಲ, ನಿಮ್ಮ ಮಾವನವರ ಕಾಯಿಲೆ. ಪುಟ್ಟ ಮಕ್ಕಳಿಗೆ ಕ್ಷಯ ಬರುವುದು ಸಾಮಾನ್ಯವಾಗಿ ಹತ್ತಿರದಲ್ಲೇ ಇದ್ದು ಕೆಮ್ಮುವ ಹಿರಿಯರಿಂದ. ಸೋಂಕು ತಗುಲಿದ ಮಗುವಿನಲ್ಲಿ ರೋಗ ತಲೆದೋರುವುದಿದ್ದರೆ ಬಹುಪಾಲು ಒಂದು ವರ್ಷದೊಳಗೇ ತಲೆದೋರುತ್ತದೆ. ಹಾಗಾಗಿ ಮಗುವಿನ ಕ್ಷಯವನ್ನು ಹುಡುಕುವ ವೈದ್ಯರು ಮೊದಲು ಕೇಳಬೇಕಾದದ್ದು, ಕಳೆದ ಎರಡು ವರ್ಷಗಳಲ್ಲಿ ಮನೆಯಲ್ಲಿ ಅಥವಾ ಮಗುವನ್ನು ಎತ್ತಿ ಆಡಿಸುವವರಲ್ಲಿ ಯಾರಿಗಾದರೂ ಟಿಬಿ ಇತ್ತೇ, ಯಾರಾದರೂ ವಾರಗಟ್ಟಲೆ ಕೆಮ್ಮುತ್ತಿದ್ದರೇ ಎಂದು.

ಕಫದಲ್ಲಿ ರೋಗಾಣು ಸಿಗಲೇಬೇಕೆಂಬ ಅಪೇಕ್ಷೆ ದೊಡ್ಡವರ ಕಾಯಿಲೆಯಿಂದ ಬಂದದ್ದು. ದೊಡ್ಡವರ ಶ್ವಾಸಕೋಶದಲ್ಲಿ ಕ್ಷಯವು ಕುಳಿಗಳನ್ನು ಮಾಡುತ್ತದೆ, ಆ ಕುಳಿಗಳಲ್ಲಿ ಬ್ಯಾಕ್ಟೀರಿಯಾಗಳು ಅಪಾರ ಸಂಖ್ಯೆಯಲ್ಲಿದ್ದು ಕಫದೊಡನೆ ಹೊರಬರುತ್ತವೆ. ಐದಾರು ವರ್ಷಕ್ಕಿಂತ ಚಿಕ್ಕ ಮಕ್ಕಳಲ್ಲಿ ಕಾಯಿಲೆ ಹೆಚ್ಚಾಗಿ ಶ್ವಾಸಕೋಶದ ಬುಡದಲ್ಲಿರುವ ದುಗ್ಧಗ್ರಂಥಿಗಳಲ್ಲಿ (ಲಿಂಫ್ ಗಂಟುಗಳಲ್ಲಿ) ನೆಲೆಸಿರುತ್ತದೆ, ಬ್ಯಾಕ್ಟೀರಿಯಾಗಳ ಸಂಖ್ಯೆಯೂ ಕಡಿಮೆ, ಬಂದಷ್ಟು ಕಫವನ್ನೂ ಮಗು ನುಂಗಿಬಿಡುತ್ತದೆ. ಎಷ್ಟು ಚೆನ್ನಾಗಿ ಪರೀಕ್ಷಿಸಿದರೂ, ಕ್ಷಯವಿರುವ ಪುಟ್ಟ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ರೋಗಾಣು ಕೈಗೆ ಸಿಗುವುದಿಲ್ಲ. ಸಿಗಲಿಲ್ಲವೆಂದ ಮಾತ್ರಕ್ಕೆ ಕ್ಷಯವಿಲ್ಲವೆಂದು ಹೇಳಲು ಬರುವುದಿಲ್ಲ.

ಆದರೂ ಹುಡುಕುವ ಪ್ರಯತ್ನವನ್ನು ಬಿಡಬಾರದು. ಮಗು ನುಂಗಿದ ಕಫ ಹೊಟ್ಟೆಯಲ್ಲಿರುತ್ತದೆ. ಬೆಳಗ್ಗೆ ಏನನ್ನೂ ತಿನ್ನುವ ಮೊದಲೇ ಮೂಗಿನ ಮೂಲಕ ತೆಳುವಾದ ಕೊಳವೆಯನ್ನು ಜಠರಕ್ಕೆ ಇಳಿಸಿ ಅಲ್ಲಿಯ ದ್ರವವನ್ನು ಹೀರಿ ತೆಗೆಯಬಹುದು. ಉಪ್ಪುನೀರಿನ ಹಬೆಯನ್ನು ನೆಬ್ಯುಲೈಜರ್ ಮೂಲಕ ಕೊಟ್ಟು ಕಫ ಬರಿಸುವುದು ಇನ್ನೊಂದು ವಿಧಾನ. ಇವೆರಡೂ ಸಾಧ್ಯವಾಗದ ಕಡೆ ಮಗುವಿನ ಮಲವನ್ನೇ ಪರೀಕ್ಷಿಸಬಹುದು, ಏಕೆಂದರೆ ನುಂಗಿದ ಬ್ಯಾಕ್ಟೀರಿಯಾದ ಅಂಶ ಅದರಲ್ಲೂ ಉಳಿದಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2022ರ ಮಾರ್ಗಸೂಚಿ ಮಲದ ಮಾದರಿಯನ್ನೂ ಒಪ್ಪಿಕೊಂಡಿದೆ. ಕೊಳವೆಯ ಹೆಸರು ಕೇಳಿಯೇ ಹಿಂಜರಿಯುವ ತಾಯಂದಿರಿಗೆ ಇದು ಎಷ್ಟು ದೊಡ್ಡ ಅನುಕೂಲವೆಂಬುದನ್ನು ನಾನು ಒತ್ತಿ ಹೇಳಬಯಸುತ್ತೇನೆ. ಈ ಮಾದರಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದಷ್ಟೇ ಸಾಲದು. ಬ್ಯಾಕ್ಟೀರಿಯಾದ ಜೀನ್ ಗುರುತಿಸುವ ಸಿಬಿನಾಟ್ ಅಥವಾ ಗೋವಾದ ಸಂಸ್ಥೆಯೊಂದು ರೂಪಿಸಿದ ಟ್ರೂನಾಟ್ ಯಂತ್ರದಲ್ಲಿ ಪರೀಕ್ಷಿಸಬೇಕು. ಇವು ಕೆಲವೇ ಗಂಟೆಗಳಲ್ಲಿ ಫಲಿತಾಂಶ ನೀಡುತ್ತವೆ, ರಿಫಾಂಪಿಸಿನ್ ಔಷಧಕ್ಕೆ ರೋಗಾಣು ಬಗ್ಗುತ್ತದೆಯೇ ಇಲ್ಲವೇ ಎಂಬುದನ್ನೂ ತಿಳಿಸುತ್ತವೆ. ಸರ್ಕಾರಿ ವ್ಯವಸ್ಥೆಯಲ್ಲಿ ಈ ಪರೀಕ್ಷೆ ಉಚಿತ.

ಉಳಿದ ಪರೀಕ್ಷೆಗಳ ಮಿತಿಯನ್ನೂ ತಿಳಿದಿರಬೇಕು. ಮುಂಗೈ ಚರ್ಮದಲ್ಲಿ ಮದ್ದು ಚುಚ್ಚಿ, 48ರಿಂದ 72 ಗಂಟೆಗಳೊಳಗೆ ನೋಡುವ ಮಾಂಟೂ ಪರೀಕ್ಷೆಯಲ್ಲಿ ಅಳೆಯಬೇಕಾದದ್ದು ಕೆಂಪನ್ನಲ್ಲ, ಬೆರಳಿಗೆ ಗಟ್ಟಿಯಾಗಿ ತಾಗುವ ಊತವನ್ನು. ಅದು 10 ಮಿಲಿಮೀಟರ್ ಅಥವಾ ಹೆಚ್ಚಿದ್ದರೆ ಸೋಂಕು ತಗುಲಿದೆ, ಎಂದರೆ ರೋಗಾಣು ಮೈಯೊಳಗೆ ಸೇರಿದೆ ಎಂದಷ್ಟೇ ಅರ್ಥ, ರೋಗವಿದೆಯೆಂದು ಅಲ್ಲ. ತೀರ ಸೊರಗಿದ ಮಗುವಿನಲ್ಲಿ, ದಡಾರದ ನಂತರ, ಎಚ್‌ಐವಿ ಇರುವಲ್ಲಿ ರೋಗವಿದ್ದರೂ ಊತ ಬಾರದಿರಬಹುದು. ಎದೆಯ ಎಕ್ಸ್‌ರೇಯಲ್ಲಿ ಶ್ವಾಸಕೋಶದ ಬುಡದ ಗ್ರಂಥಿಗಳು ದಪ್ಪವಾಗಿದ್ದರೆ, ಅಥವಾ ಎರಡೂ ಶ್ವಾಸಕೋಶಗಳ ತುಂಬ ರಾಗಿ ಚೆಲ್ಲಿದಂತೆ ಸಣ್ಣ ಚುಕ್ಕೆಗಳಿದ್ದರೆ ಕ್ಷಯವೆಂಬ ಅನುಮಾನ ಬಲವಾಗುತ್ತದೆ. ಬರಿಯ ಒಂದು ನೆರಳು ಕಂಡಿದ್ದರೆ ಅದು ಸಾಮಾನ್ಯ ನ್ಯುಮೋನಿಯಾದ್ದೂ ಆಗಿರಬಹುದು. ಆಗ ತಕ್ಕ ಆಂಟಿಬಯೋಟಿಕ್ ಕೊಟ್ಟು ಮತ್ತೆ ನೋಡುವುದು ಸರಿಯಾದ ಕ್ರಮ. ಆ ಆಂಟಿಬಯೋಟಿಕ್ ಲೀವೋಫ್ಲಾಕ್ಸಾಸಿನ್ ಗುಂಪಿನದ್ದಾಗಲಿ ಲಿನೆಜೋಲಿಡ್ ಆಗಲಿ ಆಗಿರಬಾರದು. ಅವು ಕ್ಷಯದ ರೋಗಾಣುವನ್ನೂ ಅರೆಬರೆ ಅಡಗಿಸಿ ರೋಗನಿರ್ಣಯವನ್ನು ದಾರಿ ತಪ್ಪಿಸುತ್ತವೆ.

ಲ್ಯಾಬಿನವರು ಹೇಳಿದ ರಕ್ತಪರೀಕ್ಷೆ ಟಿಬಿಯ ಪ್ರತಿಕಾಯಗಳನ್ನು, ಎಂದರೆ ರೋಗಾಣುವಿನ ವಿರುದ್ಧ ದೇಹ ತಯಾರಿಸುವ ಅಂಶಗಳನ್ನು ನೋಡುವಂಥದ್ದಾದರೆ ದಯವಿಟ್ಟು ಮಾಡಿಸಬೇಡಿ. ಇಲ್ಲದ ರೋಗವನ್ನು ಇದೆಯೆಂದೂ ಇರುವ ರೋಗವನ್ನು ಇಲ್ಲವೆಂದೂ ಹೇಳುತ್ತಿದ್ದ ಆ ಕಿಟ್‌ಗಳ ತಯಾರಿಕೆ ಮತ್ತು ಮಾರಾಟವನ್ನು ಭಾರತ ಸರ್ಕಾರ 2012ರಲ್ಲೇ ನಿಷೇಧಿಸಿತು. ಇಗ್ರಾ ಎಂಬ ಇನ್ನೊಂದು ರಕ್ತಪರೀಕ್ಷೆ ನಂಬಲರ್ಹವೇ ಆದರೂ, ಅದೂ ಮಾಂಟೂವಿನಂತೆ ಸೋಂಕನ್ನು ಹೇಳುತ್ತದೆಯೇ ಹೊರತು ರೋಗವನ್ನಲ್ಲ.

ಇನ್ನು ನಿಮ್ಮ ನೇರ ಪ್ರಶ್ನೆಗೆ ಬರುತ್ತೇನೆ. ಎರಡು ವಾರ ಮೀರಿದ ಜ್ವರ ಮತ್ತು ಕೆಮ್ಮು, ಆಂಟಿಬಯೋಟಿಕ್‌ಗೆ ಬಗ್ಗದಿರುವುದು, ಮನೆಯಲ್ಲೇ ಟಿಬಿ ಇರುವ ಹಿರಿಯರು, ಇದಕ್ಕೆ ಒಪ್ಪುವ ಎಕ್ಸ್‌ರೇ: ಇಷ್ಟೂ ಕೂಡಿಬಂದಾಗ, ಬ್ಯಾಕ್ಟೀರಿಯಾ ಸಿಗದಿದ್ದರೂ ಚಿಕಿತ್ಸೆ ಆರಂಭಿಸುವುದು ಊಹೆಯ ಮೇಲಿನ ಸಾಹಸವಲ್ಲ. ಅದು ರಾಷ್ಟ್ರೀಯ ಹಾಗೂ ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಒಪ್ಪಿದ ಕ್ರಮ. ತೂಕವನ್ನೂ ಗಮನಿಸಿ. ಮೂರು ತಿಂಗಳಲ್ಲಿ ತೂಕ ಏರದಿರುವುದು, ಅಥವಾ ಹತ್ತು ಕಿಲೋ ಇದ್ದ ಮಗು ಅರ್ಧ ಕಿಲೋಗಿಂತ ಹೆಚ್ಚು ಇಳಿದಿರುವುದು ತಾನೇ ಒಂದು ಲಕ್ಷಣ. ತಾಯಿ ಕಾರ್ಡನ್ನು ಜೊತೆಗೆ ಒಯ್ಯಿರಿ. ಜಿಲ್ಲಾಸ್ಪತ್ರೆಯ ಮಕ್ಕಳ ವೈದ್ಯರಲ್ಲಿ ಜಠರದ ದ್ರವವನ್ನೋ ಮಲವನ್ನೋ ಸಿಬಿನಾಟ್‌ಗೆ ಕೊಡಿಸಿ, ನಿಮ್ಮ ಮಾವನವರ ಫಲಿತಾಂಶದ ಪ್ರತಿಯನ್ನೂ ತೋರಿಸಿ. ಅವರಿಗೆ ತಗುಲಿರುವುದು ಔಷಧಕ್ಕೆ ಬಗ್ಗದ ಕ್ಷಯವಾಗಿದ್ದರೆ ಮಗುವಿನದ್ದೂ ಅದೇ ಆಗಿರುವ ಸಾಧ್ಯತೆ ಹೆಚ್ಚು, ಆಗ ಔಷಧಗಳೇ ಬೇರೆಯಾಗುತ್ತವೆ.

ಪ್ರಶ್ನೆ: ನನಗೆ ಕಫದಲ್ಲಿ ಟಿಬಿ ಪತ್ತೆಯಾಗಿ ಚಿಕಿತ್ಸೆ ಶುರುವಾಗಿದೆ. ಎಂಟು ತಿಂಗಳ ಮಗ, ಆರು ವರ್ಷದ ಮಗಳು ಇಬ್ಬರೂ ಆರೋಗ್ಯವಾಗಿ ಆಡಿಕೊಂಡಿದ್ದಾರೆ. ಆದರೂ ಆಶಾ ಕಾರ್ಯಕರ್ತೆ ಅವರಿಗೂ ಮಾತ್ರೆ ಕೊಡಬೇಕೆನ್ನುತ್ತಾರೆ. ಕಾಯಿಲೆಯೇ ಇಲ್ಲದ ಮಕ್ಕಳಿಗೆ ಔಷಧ ಯಾಕೆ? ಮಕ್ಕಳನ್ನು ಅಜ್ಜಿಯ ಮನೆಗೆ ಕಳಿಸಿಬಿಡಲೇ?
— ಗಾರ್ಮೆಂಟ್ಸ್ ನೌಕರ, ಬೆಂಗಳೂರು

ಉತ್ತರ: ಆಶಾ ಕಾರ್ಯಕರ್ತೆ ಹೇಳಿದ್ದು ಸರಿ. ನೀವು ಕೆಮ್ಮಿದಾಗ ಗಾಳಿಗೆ ಬಂದ ರೋಗಾಣುಗಳನ್ನು ಮಕ್ಕಳು ಈಗಾಗಲೇ ಉಸಿರಾಡಿರುತ್ತಾರೆ. ಹಾಗೆ ಒಳಗೆ ಸೇರಿದ ರೋಗಾಣು ಆರು ವರ್ಷದ ಮಗಳಲ್ಲಿ ಬಹುಮಟ್ಟಿಗೆ ಸುಮ್ಮನೆ ಮಲಗಿಯೇ ಇರಬಹುದು, ಆದರೆ ಎಂಟು ತಿಂಗಳ ಕೂಸಿನ ಮಾತು ಬೇರೆ. ಒಂದು ವರ್ಷದೊಳಗಿನ ಮಕ್ಕಳಿಗೆ ಸೋಂಕು ತಗುಲಿ ಔಷಧ ಸಿಗದೆ ಹೋದರೆ ಅವರಲ್ಲಿ ಅರ್ಧದಷ್ಟು ಮಂದಿಗೆ ರೋಗ ಬರಬಹುದು. ಅದೂ ಹಲವು ಬಾರಿ ಮಿದುಳಿನ ಪೊರೆಗೆ ಅಥವಾ ಇಡೀ ಮೈಗೆ ಹರಡುವ ಉಗ್ರ ರೂಪದಲ್ಲಿ. ಜ್ವರ ಬಂದ ಮೇಲೆ ನೋಡೋಣವೆಂದು ಕಾಯಲು ಈ ವಯಸ್ಸಿನಲ್ಲಿ ಅವಕಾಶವಿಲ್ಲ.

ಮೊದಲು ಇಬ್ಬರನ್ನೂ ವೈದ್ಯರು ನೋಡಿ, ಅವರಲ್ಲಿ ರೋಗವೇ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು. ಜ್ವರ, ಕೆಮ್ಮು, ತೂಕದ ಕುಸಿತ, ಮಂಕುತನ ಯಾವುದಾದರೂ ಇದ್ದರೆ ಪೂರ್ತಿ ಪರೀಕ್ಷೆಯಾಗಬೇಕು. ರೋಗವಿರುವ ಮಗುವಿಗೆ ತಡೆಯುವ ಒಂದೇ ಮಾತ್ರೆ ಕೊಟ್ಟರೆ ರೋಗಾಣು ಆ ಔಷಧಕ್ಕೆ ಒಗ್ಗಿಕೊಳ್ಳುವ ಅಪಾಯವಿರುವುದರಿಂದ ಈ ಹೆಜ್ಜೆಯನ್ನು ದಾಟುವಂತಿಲ್ಲ. ರೋಗವಿಲ್ಲವೆಂದಾದರೆ, ನಿಮಗೆ ಬಂದಿರುವುದು ಸಾಮಾನ್ಯ ಔಷಧಗಳಿಗೆ ಬಗ್ಗುವ ಕ್ಷಯವಾಗಿದ್ದಲ್ಲಿ, ಮಗನಿಗೆ ಆರು ತಿಂಗಳು ದಿನಕ್ಕೊಮ್ಮೆ ಐಸೋನಿಯಾಜಿಡ್ ಕೊಡುತ್ತಾರೆ. ಐದು ವರ್ಷದೊಳಗಿನವರಿಗೆ ಇದು ಮಾಂಟೂ ಫಲಿತಾಂಶಕ್ಕೂ ಕಾಯದೆ ಕೊಡಬೇಕಾದ ಔಷಧ. ಐದು ವರ್ಷ ಮೀರಿದ ಮನೆಮಂದಿಯನ್ನೂ ರಾಷ್ಟ್ರೀಯ ಕಾರ್ಯಕ್ರಮ 2021ರಿಂದ ಇದರ ವ್ಯಾಪ್ತಿಗೆ ತಂದಿರುವುದರಿಂದ ಮಗಳಿಗೂ, ನಿಮ್ಮ ಪತ್ನಿಗೂ ತಪಾಸಣೆಯ ನಂತರ ಇದು ದೊರೆಯಬೇಕು. ಎರಡು ವರ್ಷ ಮೀರಿದವರಿಗೆ ವಾರಕ್ಕೊಮ್ಮೆಯಂತೆ ಮೂರು ತಿಂಗಳಲ್ಲಿ ಹನ್ನೆರಡು ಸಲ ಕೊಡುವ ಇನ್ನೊಂದು ಕ್ರಮವೂ ಇದೆ.

ಮಕ್ಕಳನ್ನು ಊರಿಗೆ ಕಳಿಸುವುದು ಬೇಡ. ಕಳಿಸಿದರೆ ತಪಾಸಣೆಯೂ ಮಾತ್ರೆಯೂ ತಪ್ಪಿಹೋಗುವ ಸಂಭವವೇ ಹೆಚ್ಚು. ಮದರಾಸಿನಲ್ಲಿ 1956ರಲ್ಲಿ ಆರಂಭವಾದ ಒಂದು ಅಧ್ಯಯನದಲ್ಲಿ ಬಡ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಸ್ಯಾನಟೋರಿಯಂನಲ್ಲಿ (ಕ್ಷಯರೋಗಿಗಳನ್ನು ಇರಿಸಿಕೊಳ್ಳುತ್ತಿದ್ದ ಆಸ್ಪತ್ರೆಯಲ್ಲಿ), ಇನ್ನೊಂದಕ್ಕೆ ಅವರವರ ಇಕ್ಕಟ್ಟಿನ ಮನೆಗಳಲ್ಲೇ ಔಷಧ ಕೊಡಲಾಯಿತು. ಎರಡೂ ಕಡೆ ಗುಣವಾದವರ ಪ್ರಮಾಣ ಹೆಚ್ಚುಕಡಿಮೆ ಒಂದೇ ಆಗಿತ್ತು. ಮನೆಯಲ್ಲೇ ಉಳಿದ ರೋಗಿಗಳ ಮನೆಮಂದಿಯಲ್ಲಿ ಕ್ಷಯ ಹೆಚ್ಚಾಗಲೂ ಇಲ್ಲ. ಜಗತ್ತಿನೆಲ್ಲೆಡೆ ಸ್ಯಾನಟೋರಿಯಂಗಳು ಮುಚ್ಚಿ ಮನೆಯ ಚಿಕಿತ್ಸೆ ರೂಢಿಗೆ ಬರಲು ಈ ಅಧ್ಯಯನವೂ ಒಂದು ಮುಖ್ಯ ಕಾರಣ. ಸರಿಯಾದ ಔಷಧ ಬಿದ್ದ ಮೇಲೆ ರೋಗ ಹರಡುವ ಶಕ್ತಿ ಬೇಗನೆ ಕುಗ್ಗುತ್ತದೆ. ಮೊದಲ ಕೆಲವು ವಾರ ಮಾಸ್ಕ್ ಧರಿಸಿ, ಕಿಟಕಿ ತೆರೆದಿಡಿ, ಸಾಧ್ಯವಾದರೆ ಬೇರೆ ಮಲಗಿ. ತಟ್ಟೆ ಲೋಟ ಬೇರೆ ಮಾಡುವುದರಿಂದ ಮನಸ್ಸಿಗೆ ನೋವಾಗುತ್ತದೆಯೇ ಹೊರತು ಯಾರಿಗೂ ರಕ್ಷಣೆ ಸಿಗುವುದಿಲ್ಲ.

ಪ್ರಶ್ನೆ: ನನ್ನ ತಂಗಿಗೆ ಎಂಟನೆಯ ತಿಂಗಳಲ್ಲಿ ಟಿಬಿ ಇದೆಯೆಂದು ಗೊತ್ತಾಯಿತು. ಈಗ ಹೆರಿಗೆಯಾಗಿದೆ. ಎದೆಹಾಲು ಕೊಡಬಾರದೆಂದು ಮನೆಯ ಹಿರಿಯರು ಪಟ್ಟು ಹಿಡಿದಿದ್ದಾರೆ.
— ಓದುಗರು, ಶಿರಸಿ

ಉತ್ತರ: ಎದೆಹಾಲನ್ನು ನಿಲ್ಲಿಸಬೇಡಿ. ಕ್ಷಯ ಎದೆಹಾಲಿನಿಂದ ಹರಡುವುದಿಲ್ಲ, ತಾಯಿಯ ಉಸಿರಿನಿಂದ ಹರಡುತ್ತದೆ. ತಾಯಿ ನುಂಗುವ ಮಾತ್ರೆಯ ಅಂಶ ಹಾಲಿನಲ್ಲಿ ಬರುವುದು ಅತ್ಯಲ್ಪ, ಅದರಿಂದ ಕೂಸಿಗೆ ಹಾನಿಯಿಲ್ಲ. ಹಾಗೆಯೇ ಕೂಸನ್ನು ಕಾಯುವಷ್ಟೂ ಅದು ಇರುವುದಿಲ್ಲ. ಆದ್ದರಿಂದ ಹಾಲೂಡಿಸುವಾಗ ತಾಯಿ ಮಾಸ್ಕ್ ಧರಿಸಲಿ, ಕೂಸನ್ನು ಮಕ್ಕಳ ವೈದ್ಯರಿಗೆ ತಡಮಾಡದೆ ತೋರಿಸಿ. ಕೂಸಿಗೆ ರೋಗವಿಲ್ಲವೆಂದು ಖಾತ್ರಿಯಾದರೆ ತಡೆಯುವ ಐಸೋನಿಯಾಜಿಡ್ ಶುರು ಮಾಡುತ್ತಾರೆ, ಕ್ಷಯದ ಲಸಿಕೆಯಾದ ಬಿಸಿಜಿ ಯಾವಾಗ ಹಾಕಬೇಕೆಂಬುದನ್ನೂ ಅವರೇ ನಿರ್ಧರಿಸುತ್ತಾರೆ. ಕೂಸು ಹಾಲು ಕುಡಿಯದಿದ್ದರೆ, ಹೊಟ್ಟೆ ಉಬ್ಬಿದರೆ, ಏದುಸಿರು ಬಿಟ್ಟರೆ, ತೂಕ ಏರದಿದ್ದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು.

ಪ್ರಶ್ನೆ: ಹುಟ್ಟಿದಾಗಲೇ ಬಿಸಿಜಿ ಹಾಕಿಸಿದ್ದೇವೆ. ಅಂಥ ಮಗುವಿಗೂ ಟಿಬಿ ಬರುತ್ತದೆಯೇ?
— ಓದುಗರು, ತುಮಕೂರು

ಉತ್ತರ: ಬರುತ್ತದೆ. ಫ್ರಾನ್ಸಿನ ಕಾಲ್ಮೆಟ್ ಮತ್ತು ಗೆರಾಂ ರೂಪಿಸಿ 1921ರಲ್ಲಿ ಮೊದಲು ಕೊಟ್ಟ ಈ ಲಸಿಕೆ, ಮಿದುಳು ಪೊರೆಯ ಕ್ಷಯ ಮತ್ತು ಮೈಯೆಲ್ಲ ಹರಡುವ ಕ್ಷಯದಿಂದ ಎಳೆಯ ಮಕ್ಕಳನ್ನು ಬಹುಮಟ್ಟಿಗೆ ಕಾಪಾಡುತ್ತದೆ. ಅಷ್ಟರಿಂದಲೇ ಅದು ಹಾಕಿಸಲೇಬೇಕಾದ ಲಸಿಕೆ. ಆದರೆ ಶ್ವಾಸಕೋಶದ ಕ್ಷಯವನ್ನು ತಡೆಯುವಲ್ಲಿ ಅದರ ಶಕ್ತಿ ಕಡಿಮೆ. ತಮಿಳುನಾಡಿನ ಚೆಂಗಲ್ಪಟ್ಟು ಪ್ರದೇಶದಲ್ಲಿ 1968ರಲ್ಲಿ ಆರಂಭವಾದ ಬೃಹತ್ ಪ್ರಯೋಗ, ದೊಡ್ಡವರ ಶ್ವಾಸಕೋಶದ ಕ್ಷಯದಿಂದ ಅದು ರಕ್ಷಣೆ ಕೊಡುವುದಿಲ್ಲವೆಂದು ತೋರಿಸಿತು. ತೋಳಿನ ಮೇಲೆ ಬಿಸಿಜಿ ಕಲೆಯಿದೆಯೆಂದು ಮಗುವಿನ ಬಿಡದ ಕೆಮ್ಮನ್ನು ಕಡೆಗಣಿಸಬಾರದು. ಕಲೆ ಇಲ್ಲವೆಂದು ಮತ್ತೊಮ್ಮೆ ಚುಚ್ಚಿಸಬೇಕಾಗಿಯೂ ಇಲ್ಲ.

ಪ್ರಶ್ನೆ: ಒಂಬತ್ತು ವರ್ಷದ ಮಗನ ಕುತ್ತಿಗೆಯಲ್ಲಿ ಗಂಟುಗಳಿದ್ದವು. ಸೂಜಿ ಹಾಕಿ ಪರೀಕ್ಷಿಸಿ ಟಿಬಿ ಎಂದರು. ಎರಡು ತಿಂಗಳು ಮಾತ್ರೆ ನುಂಗಿದ ಮೇಲೆ ಒಂದು ಗಂಟು ಮೊದಲಿಗಿಂತ ದೊಡ್ಡದಾಗಿದೆ. ಔಷಧ ಹಿಡಿಸುತ್ತಿಲ್ಲವೇ? ಕೊಯ್ದು ತೆಗೆಸಬೇಕೇ?
— ತಂದೆ, ಚಿತ್ರದುರ್ಗ

ಉತ್ತರ: ನಮ್ಮ ಹಿರಿಯರು ಗಂಡಮಾಲೆ ಎಂದು ಕರೆಯುತ್ತಿದ್ದ ಈ ಕಾಯಿಲೆ ಮಕ್ಕಳಲ್ಲಿ ಶ್ವಾಸಕೋಶದ ಹೊರಗೆ ಕಾಣುವ ಕ್ಷಯದಲ್ಲೇ ಅತ್ಯಂತ ಸಾಮಾನ್ಯವಾದದ್ದು. ಚಿಕಿತ್ಸೆಯ ನಡುವೆ ಗಂಟು ದೊಡ್ಡದಾಗುವುದು, ಹೊಸದೊಂದು ಕಾಣಿಸಿಕೊಳ್ಳುವುದು ಕೆಲವು ಮಕ್ಕಳಲ್ಲಿ ಆಗುವಂಥದ್ದೇ. ಔಷಧದಿಂದ ಸಾಯುತ್ತಿರುವ ರೋಗಾಣುಗಳ ಮೇಲೆ ದೇಹದ ರೋಗನಿರೋಧಕ ಶಕ್ತಿ ಚೇತರಿಸಿಕೊಂಡು ಎರಗುವಾಗ ಆಗುವ ಉರಿಯೂತ ಅದು. ಮಗನಿಗೆ ಜ್ವರ ಬಿಟ್ಟು, ಹಸಿವು ಮರಳಿ, ತೂಕ ಏರುತ್ತಿದ್ದರೆ ಸಾಮಾನ್ಯವಾಗಿ ಅದೇ ಔಷಧವನ್ನು ಮುಂದುವರಿಸಿ ಕಾದು ನೋಡುತ್ತಾರೆ.

ಆದರೆ ಇದನ್ನು ಮನೆಯಲ್ಲಿ ಕುಳಿತು ತೀರ್ಮಾನಿಸಬಾರದು. ಮಾತ್ರೆಗಳು ತಪ್ಪಿಲ್ಲವೆಂದು ಖಚಿತಪಡಿಸಿಕೊಂಡು, ಮೊದಲು ಸೂಜಿ ಹಾಕಿ ತೆಗೆದ ಮಾದರಿಯನ್ನು ಸಿಬಿನಾಟ್‌ಗೆ ಕಳಿಸಿದ್ದರೇ ಎಂದು ವಿಚಾರಿಸಿ. ಕಳಿಸಿರದಿದ್ದರೆ, ಅಥವಾ ಮಗು ಸೊರಗುತ್ತಿದ್ದರೆ, ಔಷಧಕ್ಕೆ ಬಗ್ಗದ ರೋಗಾಣುವೇ ಎಂದು ಈಗ ಮತ್ತೆ ಮಾದರಿ ತೆಗೆದು ನೋಡಬೇಕಾಗುತ್ತದೆ. ಗಂಟು ಮೆತ್ತಗಾಗಿ ಕೀವು ತುಂಬಿದ್ದರೆ ಸೂಜಿಯಿಂದ ಹೀರಿ ತೆಗೆಯಬಹುದು. ಸಾಮಾನ್ಯ ಕುರುವಿನಂತೆ ಕೊಯ್ದು ಬಿಟ್ಟರೆ ಆ ಗಾಯ ತಿಂಗಳುಗಟ್ಟಲೆ ಮಾಯದೆ ಸೋರುತ್ತಿರುವ ಸಾಧ್ಯತೆಯಿದೆ. ಕೋರ್ಸ್ ಮುಗಿದ ಮೇಲೂ ಸಣ್ಣದೊಂದು ಗಟ್ಟಿ ಗಂಟು ಉಳಿದುಕೊಂಡರೆ ಚಿಕಿತ್ಸೆ ಸೋತಿತೆಂದು ಭಾವಿಸಬೇಕಾಗಿಲ್ಲ.

ಪ್ರಶ್ನೆ: ಎರಡೂವರೆ ವರ್ಷದ ಮೊಮ್ಮಗನಿಗೆ ಟಿಬಿ ಮಾತ್ರೆ ಶುರುವಾಗಿದೆ. ದಿನಾ ಅತ್ತು, ಉಗುಳಿ, ರಂಪ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದೆ. ಇಷ್ಟೊಂದು ಔಷಧ ಎಳೆಯ ಮೈಗೆ ತಡೆಯುತ್ತದೆಯೇ? ಎರಡು ತಿಂಗಳಲ್ಲಿ ಹುಷಾರಾದರೆ ನಿಲ್ಲಿಸಬಹುದೇ?
— ಅಜ್ಜಿ, ಧಾರವಾಡ

ಉತ್ತರ: ಅಮ್ಮಾ, ಕಿತ್ತಳೆ ಬಣ್ಣಕ್ಕೆ ಹೆದರಬೇಡಿ. ಅದು ರಿಫಾಂಪಿಸಿನ್ ಔಷಧದ ಬಣ್ಣ, ಕಣ್ಣೀರಿನಲ್ಲೂ ಬೆವರಿನಲ್ಲೂ ಬರಬಹುದು, ಅದರಿಂದ ಕೆಡುಕಿಲ್ಲ. ಮಗುವಿಗೆ ಕೊಡುತ್ತಿರುವುದು ನಾಲ್ಕು ಔಷಧಗಳು: ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್, ಇಥಾಂಬುಟಾಲ್. ಮೊದಲ ಎರಡು ತಿಂಗಳು ನಾಲ್ಕೂ, ಆಮೇಲಿನ ನಾಲ್ಕು ತಿಂಗಳು ಪೈರಾಜಿನಮೈಡ್ ಬಿಟ್ಟು ಉಳಿದ ಮೂರು ನಡೆಯುತ್ತವೆ. ಮೊದಲ ಹಂತದಲ್ಲಿ ಬೇಗ ಬೇಗ ಹೆಚ್ಚುವ ರೋಗಾಣುಗಳು ಸಾಯುವುದರಿಂದ ಮಗು ಕೆಲವೇ ವಾರಗಳಲ್ಲಿ ಚೇತರಿಸಿಕೊಂಡು ಆಡತೊಡಗುತ್ತದೆ. ಆದರೆ ನಿಧಾನವಾಗಿ ಬದುಕುವ ಕೆಲವು ರೋಗಾಣುಗಳು ಒಳಗೆ ಉಳಿದೇ ಇರುತ್ತವೆ. ಉಳಿದ ನಾಲ್ಕು ತಿಂಗಳು ಅವುಗಳಿಗಾಗಿ. ನಡುವೆ ನಿಲ್ಲಿಸಿದರೆ ಕಾಯಿಲೆ ಮರುಕಳಿಸಬಹುದು, ಔಷಧಕ್ಕೆ ಬಗ್ಗದ ರೂಪವನ್ನೂ ತಾಳಬಹುದು.

ಭಾರತವೂ ಸೇರಿದಂತೆ ಉಗಾಂಡಾ, ಜಾಂಬಿಯಾ, ದಕ್ಷಿಣ ಆಫ್ರಿಕಾಗಳಲ್ಲಿ 1204 ಮಕ್ಕಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಶೈನ್ ಎಂಬ ಅಧ್ಯಯನ, ತೀವ್ರವಲ್ಲದ ಕ್ಷಯಕ್ಕೆ ನಾಲ್ಕು ತಿಂಗಳ ಚಿಕಿತ್ಸೆಯೂ ಆರು ತಿಂಗಳಿನದ್ದರಷ್ಟೇ ಫಲಕಾರಿಯೆಂದು ತೋರಿಸಿತು, ನಿಜ. ಆದರೆ ಯಾವ ಮಗುವಿನ ಕಾಯಿಲೆ ತೀವ್ರವಲ್ಲವೆಂಬುದನ್ನು ಎಕ್ಸ್‌ರೇ ಮತ್ತಿತರ ಪರೀಕ್ಷೆಗಳಿಂದ ವೈದ್ಯರು ನಿರ್ಧರಿಸಬೇಕು. ಆರು ತಿಂಗಳು ಎಂದು ನಿಮ್ಮ ಚೀಟಿಯಲ್ಲಿ ಬರೆದಿದ್ದರೆ ಆರು ತಿಂಗಳು ಮುಗಿಸಲೇಬೇಕು.

ರಂಪದ ಬಗ್ಗೆ ಹೇಳುವುದಾದರೆ, ಮಕ್ಕಳಿಗಾಗಿಯೇ ಮಾಡಿದ, ನೀರಿನಲ್ಲಿ ತಾನೇ ಕರಗುವ, ಹಣ್ಣಿನ ರುಚಿಯ ಮಾತ್ರೆಗಳು ಸರ್ಕಾರಿ ಕೇಂದ್ರಗಳಲ್ಲಿ ದೊರೆಯುತ್ತವೆ. ದೊಡ್ಡವರ ಮಾತ್ರೆಯನ್ನು ಮುರಿದು ಪುಡಿಮಾಡಿ ಕೊಡುತ್ತಿದ್ದರೆ ಅದನ್ನು ಬಿಟ್ಟು ಇವನ್ನು ಕೇಳಿ ಪಡೆಯಿರಿ. ಸ್ವಲ್ಪ ನೀರಿನಲ್ಲಿ ಕರಗಿಸಿದ ಕೂಡಲೇ ಕುಡಿಸಿ, ತಳದಲ್ಲಿ ಉಳಿದದ್ದನ್ನೂ ಇನ್ನಷ್ಟು ನೀರು ಹಾಕಿ ಕೊಡಿ. ಬೆಳಗ್ಗೆ ಬರಿ ಹೊಟ್ಟೆಯಲ್ಲಿ ಕೊಡುವುದು ಒಳ್ಳೆಯದು, ಆದರೆ ಅದರಿಂದ ವಾಂತಿಯಾಗುತ್ತಿದ್ದರೆ ಸ್ವಲ್ಪ ತಿಂಡಿಯ ನಂತರ ಕೊಡಬಹುದು. ಮಾತ್ರೆಯ ಸಂಖ್ಯೆ ತೂಕದ ಮೇಲೆ ನಿಂತಿದೆ. ಚೇತರಿಸಿಕೊಂಡ ಮಗುವಿನ ತೂಕ ಏರಿದಂತೆ ಮಾತ್ರೆಯೂ ಏರಬೇಕಾಗುತ್ತದೆ. ಇದು ಮರೆತುಹೋಗುವುದೇ ಹೆಚ್ಚು. ಪ್ರತಿ ತಿಂಗಳೂ ತೂಕ ಹಾಕಿಸಿ ಮಾತ್ರೆ ಸರಿಯಿದೆಯೇ ಎಂದು ಕೇಳಿ.

ಈ ಔಷಧಗಳನ್ನು ಮಕ್ಕಳ ಮೈ ದೊಡ್ಡವರಿಗಿಂತ ಚೆನ್ನಾಗಿಯೇ ತಡೆದುಕೊಳ್ಳುತ್ತದೆ. ಆದರೂ ಕಣ್ಣು ಹಳದಿಯಾದರೆ, ವಾಂತಿ ಬಿಡದೆ ಆಗುತ್ತಿದ್ದರೆ, ಹೊಟ್ಟೆನೋವು ಹೆಚ್ಚಿದರೆ ಯಕೃತ್ತಿಗೆ ತೊಂದರೆಯಾಗಿರಬಹುದು. ಆಗ ಮಾತ್ರೆಯನ್ನು ತಡೆಹಿಡಿದು ಅದೇ ದಿನ ವೈದ್ಯರಲ್ಲಿಗೆ ಹೋಗಿ. ಅವರು ಕೊಟ್ಟಿರುವ ಪಿರಿಡಾಕ್ಸಿನ್, ಎಂದರೆ ಬಿ6 ವಿಟಮಿನ್, ನರಗಳ ರಕ್ಷಣೆಗಾಗಿ ಇರುವುದು, ಅದನ್ನೂ ತಪ್ಪಿಸಬೇಡಿ.

ಪ್ರಶ್ನೆ: ನಮ್ಮ ಎರಡನೆಯ ತರಗತಿಯ ಮಗುವೊಂದಕ್ಕೆ ಟಿಬಿ ಎಂದು ತಿಳಿದು ಉಳಿದ ಪೋಷಕರು ಆತಂಕಗೊಂಡಿದ್ದಾರೆ. ಕೋರ್ಸ್ ಮುಗಿಯುವವರೆಗೆ ಶಾಲೆಗೆ ಬರಬೇಡವೆನ್ನಬೇಕೇ?
— ಶಿಕ್ಷಕಿ, ಹಾಸನ ಜಿಲ್ಲೆ

ಉತ್ತರ: ಬೇಡವೆನ್ನಬೇಡಿ. ಆ ವಯಸ್ಸಿನ ಮಗುವಿನ ಕಫದಲ್ಲಿ ರೋಗಾಣು ಅತಿ ವಿರಳ, ಬಲವಾಗಿ ಕೆಮ್ಮುವ ಶಕ್ತಿಯೂ ಇಲ್ಲ. ಆದ್ದರಿಂದ ಅದರಿಂದ ಬೇರೆಯವರಿಗೆ ಹರಡುವುದು ತೀರ ಕಡಿಮೆ. ಔಷಧ ಶುರುವಾಗಿ ವೈದ್ಯರು ಒಪ್ಪಿದ ಕೂಡಲೇ ಮಗು ತರಗತಿಗೆ ಬರಬಹುದು, ಗೆಳೆಯರ ಜೊತೆ ಕುಳಿತು ಬಿಸಿಯೂಟ ಮಾಡಬಹುದು. ಹೈಸ್ಕೂಲಿನ ಮಕ್ಕಳಿಗೆ ಮಾತ್ರ ದೊಡ್ಡವರ ಮಾದರಿಯ, ಹರಡಬಲ್ಲ ಕ್ಷಯ ಬರುವುದುಂಟು. ಅಂಥವರು ಚಿಕಿತ್ಸೆಯ ಮೊದಲ ವಾರಗಳಲ್ಲಿ ವೈದ್ಯರು ಹೇಳುವವರೆಗೆ ಮನೆಯಲ್ಲಿರುವುದು ಸರಿ. ಪೋಷಕರ ಆತಂಕ ಆ ಮಗುವಿನ ಮೇಲೆ ತಿರುಗದಂತೆ ನೋಡಿಕೊಳ್ಳಿ. ವಾರಗಳಿಂದ ಕೆಮ್ಮುತ್ತಿರುವ ಹಿರಿಯರು ಮಗುವಿನ ಮನೆಯಲ್ಲೋ, ಶಾಲೆಯ ಸಿಬ್ಬಂದಿಯಲ್ಲೋ, ಟ್ಯೂಷನ್ನಿನಲ್ಲೋ ಇದ್ದಾರೆಯೇ ಎಂದು ಹುಡುಕಿ ಪರೀಕ್ಷೆಗೆ ಕಳಿಸುವುದೇ ಇಲ್ಲಿ ಮಾಡಬೇಕಾದ ಕೆಲಸ.

ಪ್ರಶ್ನೆ: ನಮ್ಮ ಪಕ್ಕದ ಮನೆಯ ಮಗು ಮಿದುಳಿನ ಟಿಬಿಯಿಂದ ತೀರಿಕೊಂಡಿತು. ಮೊದಲು ಬರೀ ವಾಂತಿ, ಮಂಕು ಎಂದುಕೊಂಡಿದ್ದರು. ಇದನ್ನು ಮುಂಚೆಯೇ ಗುರುತಿಸಲು ಸಾಧ್ಯವಿರಲಿಲ್ಲವೇ?
— ಓದುಗರು, ಬಳ್ಳಾರಿ

ಉತ್ತರ: ಆ ಮಗುವಿನ ತಂದೆತಾಯಿಯರನ್ನು ಯಾರೂ ದೂರಬಾರದು. ಮಿದುಳು ಪೊರೆಯ ಕ್ಷಯ ಮೊದಲ ವಾರದಲ್ಲಿ ಅನುಭವಿ ವೈದ್ಯರನ್ನೂ ವಂಚಿಸುತ್ತದೆ. ಸಣ್ಣ ಜ್ವರ, ಆಟದಲ್ಲಿ ಆಸಕ್ತಿಯಿಲ್ಲದಿರುವುದು, ಕಾರಣವಿಲ್ಲದ ಕಿರಿಕಿರಿ, ಬೆಳಗಿನ ವಾಂತಿ, ಮಾತು ಬರುವ ಮಕ್ಕಳಲ್ಲಿ ತಲೆನೋವು, ಇಷ್ಟೇ ಇರುತ್ತವೆ. ಹೊಟ್ಟೆ ಕೆಟ್ಟಿದೆಯೆಂದೋ ದೃಷ್ಟಿಯಾಗಿದೆಯೆಂದೋ ದಿನಗಳು ಕಳೆಯುತ್ತವೆ. ಆಮೇಲೆ ಕುತ್ತಿಗೆ ಬಿಗಿಯುತ್ತದೆ, ಮೆಳ್ಳೆಗಣ್ಣಾಗುತ್ತದೆ, ಫಿಟ್ಸ್ ಬರುತ್ತದೆ, ಎಚ್ಚರ ತಪ್ಪುತ್ತದೆ. ಎಚ್ಚರ ತಪ್ಪುವ ಮೊದಲೇ ಚಿಕಿತ್ಸೆ ದೊರೆತ ಮಕ್ಕಳಲ್ಲಿ ಹೆಚ್ಚಿನವರು ಬದುಕುತ್ತಾರೆ. ತಡವಾದಷ್ಟೂ ಸಾವಿನ ಜೊತೆಗೆ ಮಾತು, ಕಣ್ಣು, ಬುದ್ಧಿಯ ಬೆಳವಣಿಗೆಗೆ ಶಾಶ್ವತ ಹಾನಿಯಾಗುವ ಸಂಭವ ಏರುತ್ತದೆ.

ಭೇದಿಯಿಲ್ಲದೆ ಬರಿಯ ವಾಂತಿ ಮತ್ತು ಜ್ವರ ಒಂದು ವಾರ ಬಿಡದಿದ್ದರೆ, ಅದರಲ್ಲೂ ಮನೆಯಲ್ಲಿ ಯಾರಿಗಾದರೂ ಟಿಬಿ ಇದ್ದರೆ, ಸ್ಕ್ಯಾನಿಂಗ್ ಸೌಲಭ್ಯವಿರುವ ಆಸ್ಪತ್ರೆಗೆ ನೇರವಾಗಿ ಹೋಗಿ. ಬೆನ್ನಿನಿಂದ ನೀರು ತೆಗೆಯುವ ಪರೀಕ್ಷೆ ಬೇಕೆಂದು ವೈದ್ಯರು ಹೇಳಿದಾಗ ಬಹಳ ಮಂದಿ ಅಂಗವೈಕಲ್ಯದ ಭಯದಿಂದ ಒಪ್ಪುವುದಿಲ್ಲ. ನುರಿತ ವೈದ್ಯರು ಮಾಡುವ ಆ ಪರೀಕ್ಷೆಯಿಂದ ಕೈಕಾಲು ಬಿದ್ದುಹೋಗುವುದಿಲ್ಲ, ಪತ್ತೆಯಾಗದೆ ಉಳಿದ ರೋಗದಿಂದ ಬಿದ್ದುಹೋಗಬಹುದು. ಇದರ ಚಿಕಿತ್ಸೆ ಸಾಮಾನ್ಯವಾಗಿ ಹನ್ನೆರಡು ತಿಂಗಳು, ಆರಂಭದ ವಾರಗಳಲ್ಲಿ ಸ್ಟೀರಾಯ್ಡ್ ಕೂಡ ಬೇಕಾಗುತ್ತದೆ.

ಪ್ರಶ್ನೆ: ಕ್ಷಯವಿರುವ ಮಕ್ಕಳಿಗೆ ಪಥ್ಯವುಂಟೇ? ಮೊಟ್ಟೆ, ಬಾಳೆಹಣ್ಣು ಕೊಡಬಾರದೆನ್ನುತ್ತಾರೆ. ಸರ್ಕಾರದಿಂದ ಏನಾದರೂ ಸಹಾಯ ಸಿಗುತ್ತದೆಯೇ?
— ಅಂಗನವಾಡಿ ಕಾರ್ಯಕರ್ತೆ, ರಾಯಚೂರು ಜಿಲ್ಲೆ

ಉತ್ತರ: ಪಥ್ಯವಿಲ್ಲ. ಮೊಟ್ಟೆ, ಬಾಳೆಹಣ್ಣು, ಬೇಳೆ, ಶೇಂಗಾ, ಕಾಯಿಸಿದ ಹಾಲು, ಮನೆಯಲ್ಲಿ ತಿನ್ನುವವರಾದರೆ ಮಾಂಸ ಮೀನು ಎಲ್ಲವನ್ನೂ ಕೊಡಬೇಕು. ಆಹಾರ ಔಷಧದ ಬದಲಿಯಲ್ಲ, ಆದರೆ ಅದರ ಪಾತ್ರ ಸಣ್ಣದೂ ಅಲ್ಲ. ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಅವರ ತಂಡ ಜಾರ್ಖಂಡ್‌ನ ನಾಲ್ಕು ಜಿಲ್ಲೆಗಳಲ್ಲಿ ನಡೆಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಶ್ವಾಸಕೋಶದ ಕ್ಷಯವಿದ್ದವರ ಮನೆಮಂದಿಗೆ ಅಕ್ಕಿ, ಬೇಳೆಗಳ ಪಡಿಯನ್ನೂ ವಿಟಮಿನ್ ಮಾತ್ರೆಗಳನ್ನೂ ತಿಂಗಳು ತಿಂಗಳು ಕೊಟ್ಟಾಗ, ಅವರಲ್ಲಿ ಹೊಸದಾಗಿ ಕ್ಷಯ ಬರುವುದು ಸುಮಾರು 39 ಶೇಕಡಾ ಕಡಿಮೆಯಾಯಿತು. ಅಕ್ಕಿಬೇಳೆ ಇಷ್ಟು ಕೆಲಸ ಮಾಡಬಲ್ಲದೆಂದ ಮೇಲೆ, ನಿಮ್ಮ ಕೇಂದ್ರದಲ್ಲಿ ಬಡಿಸುವ ಮೊಟ್ಟೆ ಹಾಲನ್ನು ಟಿಬಿ ಪೀಡಿತರ ಮನೆಯ ಮಕ್ಕಳಿಗೆ ಒಂದು ದಿನವೂ ತಪ್ಪದಂತೆ ತಲುಪಿಸುವ ನಿಮ್ಮ ಕೆಲಸ ಎಷ್ಟು ದೊಡ್ಡದೆಂದು ಬೇರೆ ಹೇಳಬೇಕಾಗಿಲ್ಲ. ಪೌಷ್ಟಿಕ ಆಹಾರ ಕೊಟ್ಟರೂ ತೂಕ ಏರದ ಮಗುವನ್ನು ಟಿಬಿ ತಪಾಸಣೆಗೆ ಕಳಿಸಿ.

ನಿಕ್ಷಯ್ ಪೋಷಣ್ ಯೋಜನೆಯಡಿ ಚಿಕಿತ್ಸೆಯಲ್ಲಿರುವ ಪ್ರತಿಯೊಬ್ಬರಿಗೂ, ಮಕ್ಕಳಿಗೂ, ಆಹಾರಕ್ಕಾಗಿ ಹಣ ಸಿಗುತ್ತದೆ. 2018ರಲ್ಲಿ ತಿಂಗಳಿಗೆ 500 ರೂಪಾಯಿಯಿಂದ ಆರಂಭವಾದ ಈ ನೆರವು 2024ರ ನವೆಂಬರ್‌ನಿಂದ 1000 ರೂಪಾಯಿಯಾಗಿದೆ. ಖಾಸಗಿ ವೈದ್ಯರಲ್ಲಿ ಚಿಕಿತ್ಸೆ ಪಡೆಯುವವರಿಗೂ ಇದು ಅನ್ವಯಿಸುತ್ತದೆ, ಆದರೆ ಮಗುವಿನ ಹೆಸರು ಟಿಬಿ ರೋಗಿಗಳನ್ನು ದಾಖಲಿಸುವ ಸರ್ಕಾರದ ನಿಕ್ಷಯ್ ಪೋರ್ಟಲ್‌ನಲ್ಲಿ ನೋಂದಣಿಯಾಗಿರಬೇಕು. ಟಿಬಿಯನ್ನು ಸರ್ಕಾರಕ್ಕೆ ತಿಳಿಸುವುದು 2012ರಿಂದ ಎಲ್ಲ ವೈದ್ಯರಿಗೂ ಕಡ್ಡಾಯ. ಮಗುವಿನ ಹೆಸರಿನಲ್ಲಿ ಖಾತೆಯಿಲ್ಲದಿದ್ದರೆ ಏನು ಮಾಡಬೇಕೆಂಬುದನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ಟಿಬಿ ಸಿಬ್ಬಂದಿ ತಿಳಿಸುತ್ತಾರೆ. ಹಣ ಬಾರದಿದ್ದರೆ ಅವರಲ್ಲೇ, ಅಥವಾ ಶುಲ್ಕವಿಲ್ಲದ 1800-11-6666 ಸಹಾಯವಾಣಿಯಲ್ಲಿ ವಿಚಾರಿಸಬಹುದು.